ದೂರು ಮುಚ್ಚಿದವರು ಯಾರು?

"ಈ ಬೋರ್ಡ್ ಬರದಾವ್ರು ಯಾರ್ರಿ?"

ಬಾಗಿಲಲ್ಲಿ ನಿಂತವನ ದನಿ ಗಟ್ಟಿಯಾಗಿತ್ತು. ಲೆನ್ಸ್ ಒರೆಸುತ್ತಿದ್ದ ರಾಜೇಶ್ವರಿ ತಲೆ ಎತ್ತಲೇ ಇಲ್ಲ.

"ನಾನ ಬರದೇನಿ. ಯಾಕ್ರಿ?"

"ಅದನ್ನ ತಗೀಬೇಕಾಗಿತ್ತು."

ಈಗ ತಲೆ ಎತ್ತಿದಳು. ಅವನ ಕಂಕುಳಲ್ಲಿ ಹೆಲ್ಮೆಟ್ಟು, ಅಂಗಿಯ ತೋಳಿನ ಮೇಲೆ ದಾರಿಯ ಧೂಳು. ಮುಖ ಕೆಂಪಗಾಗಿದ್ದು ಬಿಸಿಲಿಗೋ ಸಿಟ್ಟಿಗೋ ತಿಳಿಯಲಿಲ್ಲ. ಆದರೆ ಕಣ್ಣು ಮಾತ್ರ... ಜಗಳಕ್ಕೆ ಬಂದವನ ಕಣ್ಣು ಇಷ್ಟು ಸೌಮ್ಯವಾಗಿ ಇರಬಾರದಪ್ಪ ಅನ್ನಿಸಿ, ಅವಳಿಗೆ ತನ್ನ ಮೇಲೇ ಸಿಟ್ಟು ಬಂತು!

ರೋಣದ ಬಸ್‌ಸ್ಟ್ಯಾಂಡ್ ಹತ್ತಿರ ತೋಟಪ್ಪನ ಫೋಟೋ ಸ್ಟುಡಿಯೋ. ಅದರ ಮುಂದೆ ಆ ಬೋರ್ಡ್ ನಿಂತು ವಾರವಾಗಿತ್ತು. ತೋಟಪ್ಪನ ಮಗಳು ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: 'ಫೋಟೋದವರ, ಚಿತ್ರಕೋಠಿ ಸಾಫ್ಟ್‌ವೇರ್ ತಗೋಬ್ಯಾಡ್ರಿ. ಮಾರೂತನಕ ಭಾಳ ಮಾತಾಡ್ತಾರ. ಮಾರಿದ ಮ್ಯಾಲೆ ಫೋನ್ ಎತ್ತೂದಿಲ್ಲ.'

"ನೀವು ಕಂಪನಿಯವರೇನು?"

"ಅಲ್ರಿ. ನಾ ಸಂಗನಬಸವ. ಗಜೇಂದ್ರಗಡದಾಗ ಕಂಪ್ಯೂಟರ್ ಅಂಗಡಿ ಐತಿ. ಈ ಕಡೆ ಚಿತ್ರಕೋಠಿ ಮಾರಾಂವ ನಾನ. ನಿಮ್ಮ ಬೋರ್ಡ್ ನೋಡಿ ಎಲ್ಲಾರೂ ನನಗ ಬ್ಯಾಡ ಅನ್ನಾಕತ್ಯಾರ."

"ಹೌದೇನ್ರಿ? ಭಾಳ ಚಲೋ ಆತು! ಅಂತೂ ಒಬ್ಬ ಮನಷ್ಯಾ ಸಿಕ್ಕ್ರಿ. ಒಳಗ ಬರ್ರಿ, ಕುಂದರ್ರಿ."

ಬೈಸಿಕೊಳ್ಳಲು ತಯಾರಾಗಿ ಬಂದವನು ಕುರ್ಚಿ ನೋಡಿ ತಬ್ಬಿಬ್ಬಾದ.

ಚಿತ್ರಕೋಠಿ ಅಂದರೆ ತೆಗೆದ ಫೋಟೋಗಳನ್ನು ಕಂಪನಿಯ ಕಂಪ್ಯೂಟರಿನಲ್ಲಿ ಕಾಪಾಡಿ ಇಡುವ ಸಾಫ್ಟ್‌ವೇರ್. ಫೋಟೋ ಅಲ್ಲಿ ಸೇರಿದ ಮೇಲೆ ಕ್ಯಾಮೆರಾದ ಕಾರ್ಡ್ ಅಳಿಸಿ ಮುಂದಿನ ಮದುವೆಗೆ ಬಳಸುವುದು ಸ್ಟುಡಿಯೋದವರ ರೂಢಿ. ಒಂದು ಬೆಳಿಗ್ಗೆ ರಾಜೇಶ್ವರಿ ಎಷ್ಟು ಸಲ ಪಾಸ್‌ವರ್ಡ್ ಹಾಕಿದರೂ ಅದು ತೆರೆಯಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದು ನರೇಗಲ್ಲಿನ ಮುಮತಾಜಬಿಯ ಮಗಳ ಮದುವೆ.

"ಮದುವಿ ಆಗಿ ಸ್ವಲ್ಪ ದಿನಕ್ಕ ಅವರ ಯಜಮಾನ್ರು ಕಾಶೀಂಸಾಬ ತೀರಿಕೊಂಡ್ರು. ಜನ್ಮದಾಗ ಫೋಟೋಕ್ಕ ನಿಂತಾವ್ರಲ್ಲ. ಮಗಳ ಮದುವ್ಯಾಗ ಅಷ್ಟ..." ರಾಜೇಶ್ವರಿ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. "ಅವರ ಮಾರಿ ಇರೂದು ಅಲ್ಲಿ ಒಂದ ಕಡೆರಿ."

ಅವಳ ಮಾತು ಮುಗಿಯುವಷ್ಟರಲ್ಲಿ ಮುಮತಾಜಬಿಯೇ ಬಂದಳು. ಸಂತೆಯ ಚೀಲ ಕೆಳಗಿಡದೆ ಕೇಳಿದಳು.

"ಬಂದೂವೇನ ರಾಜವ್ವ?"

"ಇನ್ನಾ ಇಲ್ಲ ಚಾಚಿ..."

"ಇರ್ಲಿ ತಗೋ. ಮತ್ತ ಬರ್ತೀನಿ."

ಬೈಯಲಿಲ್ಲ, ಗೊಣಗಲಿಲ್ಲ. ಅವಳು ಹೋದ ದಾರಿಯನ್ನೇ ನೋಡುತ್ತ ಕೂತ ಸಂಗನಬಸವ ಬೋರ್ಡಿನ ಮಾತು ಮತ್ತೆ ಎತ್ತಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಅಂದ, "ಫೋನ್ ಹಚ್ಚ್ರಿ. ನಾನೂ ಕೇಳ್ತೀನಿ."

ಹೀಗೆ ಶುರುವಾಯಿತು ನೋಡಿ. ಯಾರಿಗೋ ಜಾತ್ರೆಯಲ್ಲಿ, ಯಾರಿಗೋ ಕಾಲೇಜಿನಲ್ಲಿ ಪ್ರೀತಿ ಹುಟ್ಟುತ್ತದೆ. ನಮ್ಮ ರಾಜೇಶ್ವರಿಗೆ ಹುಟ್ಟಿದ್ದು ಕಂಪನಿಯ ಫೋನು ಕಾಯುತ್ತ!

ದಿನಾ ಮಧ್ಯಾಹ್ನ ಅವನು ಗಜೇಂದ್ರಗಡದಿಂದ ಬರುತ್ತಿದ್ದ. ಬೇರೆ ಫೋನಿಗೆ ಕಂಪನಿ ಸ್ಪಂದಿಸುತ್ತಿರಲಿಲ್ಲವಾದ್ದರಿಂದ ಅವಳು ತನ್ನ ಫೋನಿನಿಂದಲೇ ಕರೆ ಮಾಡಿ, ಅವನೆದುರೇ ದೂರಿನ ನಂಬರು ಒತ್ತುತ್ತಿದ್ದಳು. ಕರೆ ಹೋದ ಕೂಡಲೇ ಒಂದು ಪಿಟೀಲು ಶುರುವಾಗುತ್ತಿತ್ತು. ಅದು ಕುಯ್ಯೋ ಅನ್ನುತ್ತಿದ್ದಾಗ ಇವರಿಬ್ಬರೂ ಮಾತಾಡುತ್ತಿದ್ದರು. ಅವನ ಅವ್ವನ ಮಂಡಿನೋವು, ಅವಳು ಮೊದಲ ಮದುವೆಯ ಫೋಟೋ ತೆಗೆಯುವಾಗ ಲೆನ್ಸಿನ ಮುಚ್ಚಳ ಹಾಗೇ ಬಿಟ್ಟಿದ್ದು, ಯಾರ ಮನೆಯ ಶೇಂಗಾ ಚಟ್ನಿ ಹೆಚ್ಚು ಖಾರ... ಏನಾದರೂ ಸರಿ. ಕೊನೆಗೆ ಪಿಟೀಲು ನಿಂತು ಯಂತ್ರದ ದನಿ ಬರುತ್ತಿತ್ತು.

"ನಮ್ಮ ಪ್ರತಿನಿಧಿಗಳು ನಿರತರಾಗಿದ್ದಾರೆ. ನಾವೇ ನಿಮಗೆ ಕರೆ ಮಾಡುತ್ತೇವೆ."

"ಆತ್ರಿ," ಎಂದು ರಾಜೇಶ್ವರಿ ಫೋನ್ ಇಡುತ್ತಿದ್ದಳು.

ಒಂದು ದಿನ ಅವನು ಬರುವುದು ತಡವಾಯಿತು. ಅವಳು ಸುಮ್ಮಸುಮ್ಮನೆ ಬಾಗಿಲಿಗೆ ಬಂದು ನೋಡಿದಳು. ಮತ್ತೆ ನೋಡಿದಳು. 'ಇದೇನ ಹಿಂಗ? ನಾ ಕಾಯಾಕತ್ತಿದ್ದು ಕಂಪನಿಯವರನ್ನೋ, ಇವರನ್ನೋ?'

ಆಗಲೇ ಫೋನಿಗೆ, ವಾರಕ್ಕೊಮ್ಮೆ ಕಂಪನಿ ಕಳಿಸುವ ಸಂದೇಶ ಬಂತು. 'ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಖಚಿತಪಡಿಸಿದ್ದರಿಂದ ನಿಮ್ಮ ದೂರನ್ನು ಮುಚ್ಚಲಾಗಿದೆ.'

ಖಚಿತಪಡಿಸಿದ್ದು ಯಾರು? ತಾನಂತೂ ಅಲ್ಲ. ದೂರಿನ ನಂಬರು ಗೊತ್ತಿದ್ದವನು ಇನ್ನೊಬ್ಬನೇ. ಬೋರ್ಡಿನಿಂದ ವ್ಯಾಪಾರ ಕೆಟ್ಟಿದ್ದೂ ಅವನದೇ!

ಸಂಗನಬಸವ ನಗುತ್ತ ಒಳಗೆ ಬಂದ. ಅವಳು ಎದ್ದು ನಿಂತಳು.

"ಎಷ್ಟ ಚಂದ ನಾಟಕ ಮಾಡಿದ್ರಿ! ಬಾಜೂಕ ಕುಂತು ದೂರು ಮುಚ್ಚಿದ್ರಲ್ಲ. ನಿಮಗ ನಿಮ್ಮ ಯಾಪಾರ ಹೆಚ್ಚಾತು. ಮುಮತಾಜ ಚಾಚಿ ಮಾರಿ ನೆನಪಾಗ್ಲಿಲ್ಲೇನು?"

ಅವನ ಮುಖದ ನಗು ಆರಿತು. ಹೆಲ್ಮೆಟ್ಟನ್ನು ಮತ್ತೆ ಕಂಕುಳಿಗೆ ಸೇರಿಸಿದ.

"ಬರ್ತೀನ್ರಿ," ಅಂದು ಹೊರಟುಹೋದ.

ಮರುದಿನ ಮಧ್ಯಾಹ್ನ ಸ್ಟುಡಿಯೋ ಬಿಕೋ ಅಂದಿತು. ರಾಜೇಶ್ವರಿ ಹಠಕ್ಕೆ ಬಿದ್ದು ಹೊಸ ದೂರು ಕೊಟ್ಟಳು. ಅದೂ ಮುಚ್ಚಿತು. ಮತ್ತೊಂದು ಕೊಟ್ಟಳು, ಅದೂ ಅಷ್ಟೇ. ಈ ನಂಬರು ಅವನಿಗೆ ಗೊತ್ತೇ ಇಲ್ಲವಲ್ಲ! ಅವಳ ಮನಸ್ಸಿನಲ್ಲಿ ಏನೋ ಚುಚ್ಚತೊಡಗಿತು.

ಅವತ್ತು ಅವಳು ದೊಡ್ಡ ಫೋಟೋವೊಂದಕ್ಕೆ ಗಾಜು ಕೂರಿಸುತ್ತಿದ್ದಳು. ಎರಡೂ ಕೈ ಗಾಜಿನ ಮೇಲೆ. ಮೇಜಿನ ಮೇಲೆ ಫೋನು ಪಿಟೀಲು ಬಾರಿಸುತ್ತಿತ್ತು.

"...ನಾವೇ ನಿಮಗೆ ಕರೆ ಮಾಡುತ್ತೇವೆ."

"ಆತ್ರಿ," ಅಂದಳು. ಫೋನ್ ಇಡಲು ಕೈ ಬಿಡುವಿರಲಿಲ್ಲ. ಯಂತ್ರ ಮುಂದುವರಿಯಿತು.

"ಆಯ್ತು ಎಂದಿದ್ದಕ್ಕೆ ಧನ್ಯವಾದಗಳು. ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ದಾಖಲಿಸಿ ದೂರನ್ನು ಮುಚ್ಚುತ್ತಿದ್ದೇವೆ."

ಗಾಜು ಕೈಜಾರುವುದೊಂದು ಬಾಕಿ!

ಒಳಗಿನಿಂದ ತೋಟಪ್ಪ ಓಡಿ ಬಂದ. "ಅಯ್ಯ ಇದರ! ನಾವು ಆತ್ರಿ ಅಂದ್ರ ತಿಳೀತ್ರಿ ಅಂತ. ಇದು ಕೆಲಸ ಆತು ಅಂತ ತಿಳ್ಕೊಂಡೈತಿ!"

ರಾಜೇಶ್ವರಿ ಗಾಜನ್ನು ಮೇಜಿನ ಮೇಲಿಟ್ಟಳು. "ಅಪ್ಪಾ... ಹಂಗಾರ ಮುಚ್ಚಿದಾಕಿ ನಾನ. ಅವರಿಗೆ ಬಾಯಿಗೆ ಬಂದ್ಹಂಗ ಅಂದೆ."

"ನಿಂದೇನ ತಪ್ಪವಾ? ನಮ್ಮ ಮಾತು ಕೇಳಾಕ ಅಲ್ಲಿ ಮನಷ್ಯಾರ ಇಲ್ಲ. ಆದ್ರ ಆ ಹುಡುಗಗ ಬೈದದ್ದು ಮಾತ್ರ ನಿಂದ ತಪ್ಪು." ತೋಟಪ್ಪ ತನ್ನ ಫೋನು ಚಾಚಿದ. "ನೀ ಬೈದ ದಿನ ಸಂಜಿಕ ಅಂವ ಫೋಟೋದವರ ಗ್ರೂಪಿಗೆ ಇದನ್ನ ಕಳಿಸ್ಯಾನ. ಕೇಳು."

ಪರಿಚಿತ ದನಿ. ಸ್ವಲ್ಪ ದಣಿದಿತ್ತು.

"ನಮಸ್ಕಾರ್ರಿ. ನಾ ಗಜೇಂದ್ರಗಡದ ಸಂಗನಬಸವ. ನಿಮಗೆಲ್ಲಾ ಚಿತ್ರಕೋಠಿ ಮಾರಿದಾಂವ ನಾನ. ಇನ್ನ ಮಾರೂದಿಲ್ಲ. ರೋಣದ ಸ್ಟುಡಿಯೋ ಮುಂದಿನ ಬೋರ್ಡ್ ಖರೇ ಐತಿ, ಅಲ್ಲಿ ಫೋನ್ ಎತ್ತಾವ್ರಿಲ್ಲ. ಎಲ್ಲಾರೂ ಫೋಟೋ ನಿಮ್ಮ ಹತ್ರನೂ ಒಂದ ಡಿಸ್ಕಿನ್ಯಾಗ ಇಟ್ಕೋರಿ. ಹೊಸಾದು ಏನರ ತಗೊಳ್ಳೂ ಮುಂಚೆ ಕಂಪನಿಗೆ ಒಂದ ಸಲ ಫೋನ್ ಮಾಡಿ ನೋಡ್ರಿ, ಮನಷ್ಯಾರು ಎತ್ತಿದ್ರ ಅಷ್ಟ ತಗೋರಿ."

ರಾಜೇಶ್ವರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. 'ನಾ ಏನಂದ್ರೂ ಸಿಟ್ಟ ಮಾಡ್ಲಿಲ್ಲ. ನನ್ನ ಬೋರ್ಡ್ ಖರೇ ಅಂದ್ರು...'

ಮೊದಲು ಆಗಬೇಕಾದ ಕೆಲಸವೊಂದಿತ್ತು. ಮತ್ತೆ ಕರೆ ಮಾಡಿದಳು. ಯಂತ್ರ ಏನೇ ಹೇಳಲಿ, "ಇಲ್ಲ" ಅಂದಳು. "ಇಲ್ಲ, ಆಗಿಲ್ಲ!" ಅಂದಳು. ಬಹಳ ಹೊತ್ತಿನ ಮೇಲೆ ಪಿಟೀಲು ನಡುವೆಯೇ ನಿಂತು, ಒಂದು ಹುಡುಗಿ ನಿದ್ದೆಗಣ್ಣಿನ ದನಿಯಲ್ಲಿ "ಹೇಳಿ ಮೇಡಂ" ಅಂದಳು. ಮನುಷ್ಯರ ದನಿ! ಸಂಜೆಯೊಳಗೆ ಬೀಗ ತೆರೆಯಿತು.

ಮುಮತಾಜಬಿಯನ್ನು ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಕಾಶೀಂಸಾಬ ಮಗಳ ತಲೆ ಮೇಲೆ ಕೈಯಿಟ್ಟು ನಿಂತಿದ್ದರು. ಮುಮತಾಜಬಿ ಕುರ್ಚಿ ಮುಂದಕ್ಕೆ ಸರಿಸಿಕೊಂಡಳು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಅಂದಳು, "ಮುಂದಿನ ಹಲ್ಲ ಹೋಗ್ಯಾವ ಅಂತ ಎಲ್ಲೂ ಬಾಯಿ ತಗದು ನಗ್ತಿದ್ದಿಲ್ಲ. ನೋಡಿಲ್ಲೆ, ಹ್ಯಾಂಗ ನಕ್ಕಾರ!" ತಾನೂ ನಕ್ಕಳು, ಅತ್ತಳು. ರಾಜೇಶ್ವರಿ ಅವಳನ್ನು ತಬ್ಬಿಕೊಂಡಳು.

ಮರುದಿನ ಬೆಳಿಗ್ಗೆ ಗಜೇಂದ್ರಗಡದ ಬಸ್ ಹತ್ತಿದಳು.

ಸಂಗನಬಸವನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಎದ್ದು ಕುರ್ಚಿ ಸರಿಸಿದ. "ಬರ್ರಿ. ಫೋಟೋ ಸಿಕ್ಕೂವಂತ. ಚಾಚಿ ಫೋನ್ ಮಾಡಿದ್ರು."

"ಹ್ಞೂಂ." ಅವಳು ನಿಂತೇ ಇದ್ದಳು. ಎಲ್ಲವನ್ನೂ ಹೇಳಿದಳು. "ತಪ್ಪಾತ್ರಿ. ಆದ್ರ ನೀವರ ಯಾಕ ಒಂದ ಮಾತು ಆಡ್ಲಿಲ್ಲ?"

"ಕೇಳಿದ್ರ ಹೇಳ್ತಿದ್ದೆ. ನೀವು ಕೇಳಲೇ ಇಲ್ಲ." ಅವನು ನೆಲ ನೋಡಿದ. "ಬೈದದ್ದಕ್ಕ ನೋವಾಗ್ಲಿಲ್ರಿ. ಅಷ್ಟ ದಿನ ಕೂಡಿ ಕುಂತ ಮ್ಯಾಲೂ ನನ್ನ ಕೇಳಬೇಕು ಅನ್ನಿಸ್ಲಿಲ್ಲಲ್ಲ ಅಂತ..."

ಅವಳ ಕಣ್ಣು ತುಂಬಿದವು. "ಈಗ ಒಂದ ಮಾತು ಕೇಳ್ಲೇನು?"

"ಕೇಳ್ರಿ."

"ಫೋನ್ ನಂದು, ಪಾಸ್‌ವರ್ಡ್ ನಂದು. ಮಾತಾಡಾಕಿ ನಾನ. ಮತ್ತ ನೀವು ದಿನಾ ಅಷ್ಟ ದೂರದಿಂದ ಯಾಕ ಬರ್ತಿದ್ರಿ?"

ಅವನ ಕಿವಿ ಕೆಂಪಾದವು. "ಮೊದಲನೇ ದಿನ ಬೋರ್ಡ್ ತಗಸಾಕ ಬಂದಿದ್ದೆ. ಆಮ್ಯಾಲೆ... ಇವತ್ತೊಂದಿನ ಅವ್ರು ಫೋನ್ ಎತ್ತಬಾರ್ದು ಅಂತ ದೇವರಿಗೆ ಬೇಡ್ಕೊಂತ ಬರ್ತಿದ್ದೆ. ಚಾಚಿ ನೆನಪಾದ ಕೂಡ್ಲೆ ತಪ್ಪಾತಪ್ಪೋ ಅಂತಿದ್ದೆ."

ಅಳು ಬರುತ್ತಿದ್ದವಳು ನಕ್ಕುಬಿಟ್ಟಳು! ಕೊನೆಗೂ ಕುರ್ಚಿಯಲ್ಲಿ ಕೂತಳು.

"ಚಾ ಕುಡೀತಿ?"

ಅವಳು ಥಟ್ಟನೆ ತಲೆ ಎತ್ತಿದಳು. ಕುಡೀತೀರಿ ಅಲ್ಲ... ಕುಡೀತಿ!

ಅವನಿಗೂ ಆಗಲೇ ಗೊತ್ತಾಯಿತು. "ಬಾಯಿ ತಪ್ಪಿ ಬಂತ್ರಿ..."

"ಬರ್ಲಿ. ನಾ ಕುಡೀತೀನಿ. ನೀನೂ ಕುಡಿ."

ಬೆಚ್ಚಿಬೀಳುವ ಸರದಿ ಈಗ ಅವನದು. "ನನಗ ನೀನು ಅಂದ್ಯಾ?"

"ಅಂದೆ. ಮಂದಿ ಮುಂದ ರೀ ಅಂತೀನಿ. ನಾವಿಬ್ರ ಇದ್ದಾಗ ಹಿಂಗ."

ಅವನು ಎದುರಿನ ಕುರ್ಚಿಗೆ ಬಂದು ಮೇಜಿನ ಮೇಲೆ ಕೈಯೂರಿದ. "ಅಂದ್ರ... ಮಂದಿ ಮುಂದನೂ ನಾವು ಕೂಡೇ ಇರ್ತೀವೇನು?"

"ಮತ್ತ?"

"ಹಂಗಾರ ನಿಮ್ಮಪ್ಪನ ಹತ್ರ ಈಗ ಬರ್ಲೇನು?"

"ಚಾ ತರಸು ಮೊದ್ಲ," ಎಂದಳು ರಾಜೇಶ್ವರಿ, ಮೇಜಿನ ಮೇಲಿದ್ದ ಅವನ ಕೈಯನ್ನು ತನ್ನ ಕೈಯಿಂದ ಮುಚ್ಚುತ್ತ. "ಗಡಬಡಿ ಮಾಡಬ್ಯಾಡ. ನಾ ಎಲ್ಲೂ ಹೋಗೂದಿಲ್ಲ."