ಮತ್ತೆ ಕೇಳುವ ಮುನ್ನ

ಅವಳ ಮುಂದೆಯೇ ಅವಳ ಕೆಲಸವನ್ನು ಆಡಿಕೊಂಡು ನಕ್ಕಿದ್ದೆ. ಅದು ಅವಳದೆಂದು ಗೊತ್ತಿರಲಿಲ್ಲ ಎನ್ನುವುದು ಬರೀ ನೆಪ.

ಬೇರೆ ಪ್ರೋಗ್ರಾಮರ್‌ಗಳು ಕ್ಲೌಡ್ ಸೇವೆಗಳನ್ನು ಸುಲಭವಾಗಿ ಬಳಸಲಿ ಎಂದು ಎಸ್‌ಡಿಕೆ ಎಂಬ ಸಿದ್ಧ ಕೋಡಿನ ಕಟ್ಟು ತಯಾರಿಸುವುದು ನಮ್ಮ ತಂಡದ ಕೆಲಸ. ಅದರೊಳಗೆ ಹೆಲ್ಪರ್‌ಗಳ ಒಂದು ಫೋಲ್ಡರ್ ಇದೆ. ತಾರೀಖು ಸರಿಪಡಿಸುವುದು, ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸುವುದು, ಸರ್ವರ್ ಉತ್ತರ ಕೊಡದಿದ್ದರೆ ಮತ್ತೆ ಕೇಳುವುದು, ಇಂಥ ಚಿಲ್ಲರೆ ಕೆಲಸಗಳೆಲ್ಲ ಅಲ್ಲಿ. ಹಳೆಯ ಕೋಡ್ ಗುಡಿಸುವ ಹುಚ್ಚು ನನಗೆ. ಆಫೀಸಿನಲ್ಲಿ ನನ್ನ ಅಡ್ಡಹೆಸರೇ ಪೊರಕೆ.

ಎದುರು ಸೀಟಿನವಳು ಎಸ್‌ಡಿಕೆಗೆ ಡಾಕ್ಯುಮೆಂಟ್ ಬರೆಯುತ್ತಾಳೆ. ಎಲ್ಲರಿಗೂ ಅವಳು ಡಾಕ್ಸ್. ಮಾನಿಟರಿನ ಮೇಲಿಂದ ಅವಳ ಕಣ್ಣು, ಹುಬ್ಬು ಮಾತ್ರ ಕಾಣುತ್ತವೆ. ನನ್ನ ಅರ್ಧ ದಿನ ಆ ಹುಬ್ಬುಗಳನ್ನು ಓದುವುದರಲ್ಲೇ ಕಳೆಯುತ್ತಿತ್ತು.

ಅಂದು ಅವಳನ್ನು ನಗಿಸಬೇಕೆಂದು ನನ್ನ ಸ್ಕ್ರೀನನ್ನು ಅವಳತ್ತ ತಿರುಗಿಸಿದೆ.

“ನೋಡಿಲ್ಲಿ. ಮತ್ತೆ ಕೇಳೋ ಮೊದಲು ಎಷ್ಟು ಹೊತ್ತು ಕಾಯ್ಬೇಕು ಅನ್ನೋದಕ್ಕೆ ಲೆಕ್ಕಾನೇ ಇಲ್ಲ. ಒಂದ್ಸಲ ಎರಡು ಸೆಕೆಂಡು, ಇನ್ನೊಂದ್ಸಲ ಐದು. ಯಾವ ಪುಣ್ಯಾತ್ಮ ನಿದ್ದೆಗಣ್ಣಲ್ಲಿ ಬರೆದ್ನೋ.”

ಒಂದು ಹುಬ್ಬು ಮೇಲೆ ಹೋಯಿತು. “ಏನೋ ಕಾರಣ ಇರ್ಬೋದು.”

“ತಲೆ ಕೆಟ್ಟಿರೋದೇ ಕಾರಣ.”

ಅವಳು ತುಟಿಯಂಚಿನಲ್ಲಿ ನಕ್ಕಳು. ಗೆದ್ದೆನೆಂದುಕೊಂಡು, ಅದನ್ನು ಕಿತ್ತು ಎಲ್ಲರಿಗೂ ಒಂದೇ ಅಳತೆಯ ಎರಡು ಸೆಕೆಂಡು ಇಟ್ಟೆ.

ಹೊಸ ಆವೃತ್ತಿ ಹೊರಬಂದ ಮೂರನೇ ದಿನ ಸರ್ವರ್ ಒಂದು ಗಳಿಗೆ ತಡವರಿಸಿತು. ಸಾವಿರಾರು ಗ್ರಾಹಕರ ಪ್ರೋಗ್ರಾಮುಗಳು ಒಟ್ಟಿಗೇ ಎರಡು ಸೆಕೆಂಡು ಕಾದು, ಒಟ್ಟಿಗೇ ಬಾಗಿಲು ಬಡಿದವು. ಮತ್ತೆ ಮತ್ತೆ ಬಡಿದವು. ಮಧ್ಯಾಹ್ನದವರೆಗೂ ಸರ್ವರ್ ಮೇಲೇಳಲೇ ಇಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರಲಿ ಎಂದೇ ಆ ಲೆಕ್ಕವಿಲ್ಲದ ಕಾಯುವಿಕೆಯನ್ನು ಅಲ್ಲಿಟ್ಟಿದ್ದರು. ಇಟ್ಟವರು ಯಾರೆಂದು ಫೈಲಿನ ಹಳೆಯ ದಾಖಲೆ ತೆರೆದೆ. ನಾಲ್ಕು ವರ್ಷದ ಹಿಂದೆ ಬರೆದವಳ ಹೆಸರು ನೋಡಿ ಕಿವಿ ಬಿಸಿಯಾಯಿತು. ಡಾಕ್ಸ್ ಒಂದು ಕಾಲಕ್ಕೆ ಕೋಡ್ ಬರೆಯುತ್ತಿದ್ದಳೆಂದು ನಾನು ಕೇಳಿಯೇ ಇರಲಿಲ್ಲ.

ಅಂದಿನ ಮೀಟಿಂಗಿನಲ್ಲಿ, ಆ ದಾಖಲೆ ಇನ್ನೂ ನೋಡಿರದ ಮ್ಯಾನೇಜರ್ ಮೇಡಂ ಕೇಳಿದರು, “ಆ ಹೆಲ್ಪರ್ ಯಾರದು?”

ನಾನು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡೆ.

“ನಾನು ಬರೆದಿದ್ದು ಮೇಡಂ,” ಎಂದಳು ಅವಳು. “ಯಾಕೆ ಹಾಗೆ ಅಂತ ಒಂದು ಸಾಲು ಬರೆದಿಡ್ಬೇಕಿತ್ತು. ಇಡಲಿಲ್ಲ.”

“ಡಾಕ್ಯುಮೆಂಟ್ ಬರೆಯೋರೇ ಹೀಗಾದ್ರೆ ಹೇಗಮ್ಮ?”

ಯಾರೋ ಕಿಸಕ್ಕೆಂದರು. ನಾನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು ಕುಳಿತಿದ್ದೆ. ಅಷ್ಟು ಹೇಡಿ ನಾನೆಂದು ನನಗೇ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಅಕ್ಕನಿಗೆ ಹೇಳಿಕೊಂಡೆ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

“ಹುಡುಗಿ ಮುಂದೆ ಜಂಬ ಕೊಚ್ಕೊಳ್ಳೋಕೆ ಬಾಯಿತ್ತು, ತಪ್ಪು ಒಪ್ಕೊಳ್ಳೋಕೆ ಇಲ್ವೇನೋ? ನನ್ನ ಹತ್ರ ಅತ್ತು ಏನು ಬಂತು. ಅಲ್ಲೇ ಹೋಗಿ ಹೇಳು.”

ಮರುದಿನ ಬೆಳಗಿನ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದೆ. ಅವಳು ಬರೆದದ್ದು ಸರಿಯಾಗೇ ಇತ್ತು, ಕಿತ್ತವನು ನಾನು, ನಿನ್ನೆ ಬಾಯಿ ಮುಚ್ಚಿಕೊಂಡವನೂ ನಾನೇ. ನಾಲಿಗೆ ತೊದಲಿತು. ಮೇಡಂ ಬೈದದ್ದು ಅರ್ಧ ಕೇಳಿಸಲಿಲ್ಲ. ಅವಳು ತಲೆ ತಗ್ಗಿಸಿದ್ದಳು, ಹುಬ್ಬು ಕಾಣಲಿಲ್ಲ.

ಹೆಲ್ಪರನ್ನು ಮೊದಲಿನಂತೆ ಮಾಡಿ, ಮೇಲೆ ಕಾರಣದ ಸಾಲೂ ಬರೆದು, ಪರಿಶೀಲನೆಗೆ ಅವಳಿಗೇ ಕಳಿಸಿದೆ. ಸಂಜೆ ಒಪ್ಪಿಗೆ ಕೊಟ್ಟು ಅವಳೇ ನನ್ನ ಕುರ್ಚಿಯ ಬಳಿ ಬಂದಳು.

“ಅವತ್ತು ನಿಮ್ಮದೇ ಅಂತ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ನೀವು ನಗ್ತಾ ಇದ್ರಿ. ಹೇಳೋಕೆ ನಾಚಿಕೆ ಆಯ್ತು.” ಬ್ಯಾಗಿನ ಜಿಪ್ ಎಳೆಯುತ್ತ ಹೇಳಿದಳು, “ಬೇರೆ ಯಾರಾಗಿದ್ರೂ ಹೇಳಿರ್ತಿದ್ದೆ.”

ನಾನು ಕುರ್ಚಿಯಿಂದ ಎದ್ದು ನಿಂತೆ.

“ನೀವಂದ್ರೆ ನಂಗಿಷ್ಟ. ಹೇಳೋ ಯೋಗ್ಯತೆ ಇವತ್ತು ನನಗಿಲ್ಲ, ಆದ್ರೂ ಹೇಳ್ತಿದೀನಿ. ಒಂದು ಕಾಫಿಗೆ ಬರ್ತೀರಾ?”

“ಇವತ್ತು ಬರಲ್ಲ. ಇನ್ನೂ ಕೋಪ ಇದೆ.”

ತಲೆಯಾಡಿಸಿದೆ. ಅವಳು ಬ್ಯಾಗ್ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋಗಿ ನಿಂತಳು.

“ಮತ್ತೆ ಕೇಳಿ.”

“ಎಷ್ಟು ದಿನ ಬಿಟ್ಟು?”

ಒಂದು ಹುಬ್ಬು ಮೇಲೆ ಹೋಯಿತು.

“ಅದಕ್ಕೆ ಲೆಕ್ಕ ಇಲ್ಲ, ಪೊರಕೆಯವ್ರೇ. ಕಾಯೋದು ಕಲೀರಿ.”