ನಕ್ಷೆಯಲ್ಲಿ ಹಸಿರಾದ ಊರು

“ಈ ನಕ್ಷೆ ಮಾಡಿದ್ದು ಯಾರು?”

ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಬಾಗಿಲಲ್ಲಿ ನಿಂತವನ ಪ್ಯಾಂಟು ಮೊಣಕಾಲಿನವರೆಗೂ ಕೆಸರು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಒದ್ದೆಯಾದ ನಕ್ಷೆ.

“ನಾನೇ,” ಎಂದಳು ಅಟುಪೆಲೆ.

“ಇಲ್ಲೊಂದು ಸೇತುವೆ ತೋರಿಸಿದ್ದೀರಿ ಮೇಡಂ. ನಂಬ್ಕೊಂಡು ಬೈಕ್ ಓಡಿಸ್ಕೊಂಡು ಹೋದೆ. ಸೇತುವೆ ಪ್ರವಾಹದ ಜೊತೆ ಗಡಿಯಾಚೆ ಮೊಜಾಂಬಿಕ್‌ಗೆ ಹೋಗಿದೆ. ಸ್ವಲ್ಪದ್ರಲ್ಲಿ ನಾನೂ ಹೋಗ್ತಿದ್ದೆ.”

ಯಾರೋ ಕಿಸಕ್ಕನೆ ನಕ್ಕರು. ಅಟುಪೆಲೆಯ ಮುಖ ಬಿಸಿಯಾಯಿತು.

“ಪ್ರವಾಹಕ್ಕೆ ಮುಂಚಿನ ನಕ್ಷೆ ಅಂತ ಮೂಲೆಯಲ್ಲಿ ಬರೆದಿದ್ದೀನಿ. ಓದೋಕೆ ಬರುತ್ತೆ ತಾನೇ ನಿಮಗೆ?”

ಅವನು ಮೂಲೆಯ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಬರೆದಿತ್ತು. ಅವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು.

“ಬರುತ್ತೆ. ಕೆಸರಿನ ಕೆಳಗಿರೋದು ಮಾತ್ರ ಸ್ವಲ್ಪ ಕಷ್ಟ.”

ಎಂಥ ಮನುಷ್ಯ ಇವನು... ಎಂದುಕೊಂಡಳು ಅಟುಪೆಲೆ. ಆದರೆ ಆ ನಗು ಸಂಜೆಯವರೆಗೂ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ.

ಅವನ ಹೆಸರು ಲುಂಬಾನಿ. ಮಲಾವಿಯ ಉತ್ತರದ ಬೆಟ್ಟಗಳ ಕಡೆಯವನು, ರುಂಫಿಯವನು. ಶಿರೆ ನದಿ ಉಕ್ಕಿ ಇಳಿದ ಮೇಲೆ ಕೆಳದಂಡೆಯಲ್ಲಿ ಕಾಲರಾ ಹಬ್ಬಿತ್ತು. ಊರೂರಿಗೆ ಹೋಗಿ ಬಾಯಿಗೆ ಲಸಿಕೆ ಹಾಕುವ ತಂಡಕ್ಕೆ ಅವನು ಮುಖ್ಯಸ್ಥ.

ಅಟುಪೆಲೆ ದಕ್ಷಿಣದ ಮಚಿಂಗಾ ಜಿಲ್ಲೆಯ ಹುಡುಗಿ. ಪರಿಹಾರ ಸಂಸ್ಥೆಯ ನಕ್ಷೆಯ ಕೆಲಸ ನೋಡಿಕೊಳ್ಳುತ್ತಿದ್ದವನು ಇದ್ದಕ್ಕಿದ್ದಂತೆ ಬಿಟ್ಟುಹೋದಾಗ, ಕಂಪ್ಯೂಟರಿನಲ್ಲಿದ್ದ ಅವನ ದೊಡ್ಡ ನಕ್ಷೆ ಹಾಗೆಯೇ ಅವಳ ಕೈಗೆ ಬಂದಿತ್ತು. ತಂಡಗಳಿಗೆ ಬೇಕಾದ ನಕ್ಷೆಗಳನ್ನು ಅವಳು ಅದರಿಂದಲೇ ಮಾಡಿಕೊಡುತ್ತಿದ್ದಳು. ತಂಡಗಳು ಕಳಿಸುವ ವರದಿಯನ್ನು ಅವಳು ಪ್ರತಿ ಸಂಜೆ ಕೋಷ್ಟಕಕ್ಕೆ ತುಂಬುತ್ತಿದ್ದಳು. ಕೋಷ್ಟಕವನ್ನು ನಕ್ಷೆಗೆ ಜೋಡಿಸಿಟ್ಟಿದ್ದರಿಂದ, ಲಸಿಕೆ ಮುಗಿದ ಊರು ತಾನಾಗಿಯೇ ಹಸಿರಾಗುತ್ತಿತ್ತು. ಕೆಂಪಾಗಿಯೇ ಉಳಿದ ಊರಿಗೆ ಮಾರನೆಯ ದಿನ ತಂಡ ಹೋಗುತ್ತಿತ್ತು. ಹಸಿರಾದ ಊರಿನ ಕಡೆ ಮತ್ತೆ ಯಾರೂ ನೋಡುತ್ತಿರಲಿಲ್ಲ.

ಆಮೇಲೆ ಲುಂಬಾನಿ ದಿನವೂ ಬರತೊಡಗಿದ. ಯಾವ ಸೇತುವೆ ಬಿದ್ದಿದೆ, ಯಾವ ರಸ್ತೆ ಒಣಗಿದೆ ಎಂದು ಹೇಳುವ ನೆಪ. ಬರುವಾಗ ಸುಟ್ಟ ಜೋಳದ ತೆನೆ. ಲಸಿಕೆಯ ರುಚಿಗೆ ಮುಖ ಕಿವುಚಿ ತನ್ನ ಅಂಗಿಯ ಮೇಲೇ ಉಗಿಯುವ ಮಕ್ಕಳ ಕಥೆ ಹೇಳಿ ಅವಳನ್ನು ನಗಿಸುತ್ತಿದ್ದ. ನದಿಯ ದಂಡೆಯಲ್ಲಿ ನಡೆಯುವಾಗ ಒಮ್ಮೆ ಅವನ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂತು. ತಿದ್ದಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ತಿದ್ದಿಸಲು ಅವಳಿಗೂ...

ಅಷ್ಟರಲ್ಲಿ ಚಿಲೊಂಬೆಯ ಸುದ್ದಿ ಬಂತು.

ಚಿಲೊಂಬೆಯಲ್ಲಿ ಮನೆಮನೆಗೂ ಕಾಲರಾ. ಇಬ್ಬರು ತಾಯಂದಿರು ತೀರಿಕೊಂಡಿದ್ದರು. ಕಚೇರಿಯ ಮುಖ್ಯಸ್ಥ ಮಗೊಂಬೊ ನಕ್ಷೆಯನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ನೋಡಿದ. ಚಿಲೊಂಬೆ ಹಸಿರಾಗಿತ್ತು. ಲಸಿಕೆ ಹಾಕಿದ್ದು ಲುಂಬಾನಿಯ ತಂಡ. ಆದರೆ ನಮ್ಮೂರಿಗೆ ಲಸಿಕೆಯವರು ಯಾರೂ ಕಾಲಿಟ್ಟಿಲ್ಲ ಎಂದು ಊರಿನವರು ಆಣೆ ಮಾಡುತ್ತಿದ್ದರು.

ಮಗೊಂಬೊ ಲುಂಬಾನಿಯನ್ನು ಕರೆಸಿ ಎಲ್ಲರೆದುರೇ ಕೇಳಿದ. ಔಷಧಿಯನ್ನು ನದಿಗೆ ಸುರಿದೆಯಾ, ಗಡಿ ದಾಟಿಸಿ ಮಾರಿದೆಯಾ ಎಂದ. ಚಿಲೊಂಬೆಗೆ ಹೋಗಿದ್ದೆ, ನನ್ನ ಕೈಯಾರೆ ಕುಡಿಸಿದ್ದೇನೆ ಎಂದು ಲುಂಬಾನಿ ಮತ್ತೆ ಮತ್ತೆ ಹೇಳಿದ.

ಮಗೊಂಬೊ ಅಟುಪೆಲೆಯತ್ತ ತಿರುಗಿದ. “ಕೋಷ್ಟಕದಲ್ಲಿ ಏನಿದೆ?”

ಅವಳು ಊರಿನ ಹೆಸರು ಹುಡುಕಿದಳು. ಒಂದೇ ಒಂದು ಸಾಲು. ಚಿಲೊಂಬೆ, ಊರಿನದೊಂದು ಸಂಖ್ಯೆ, ಮುಗಿದಿದೆ, ಲುಂಬಾನಿ.

“ಮುಗಿದಿದೆ ಅಂತ ಇದೆ... ಅವರೇ ಕಳಿಸಿರೋದು.”

“ನಕ್ಷೆ ತಪ್ಪಿರಬಹುದಾ?”

ಅವಳು ಲುಂಬಾನಿಯತ್ತ ನೋಡಲಿಲ್ಲ. “ಕೋಷ್ಟಕದಲ್ಲಿ ಇರೋದನ್ನೇ ನಕ್ಷೆ ತೋರಿಸೋದು, ಸರ್.”

ಅವತ್ತೇ ಲುಂಬಾನಿಯನ್ನು ಕೆಲಸದಿಂದ ತೆಗೆದರು. ಅವನ ತಂಡದ ಲಸಿಕೆಯಿದ್ದ ಐಸ್ ಪೆಟ್ಟಿಗೆಗಳನ್ನು ಕಿತ್ತುಕೊಂಡು ಬೀಗ ಹಾಕಿದರು.

ಜಗುಲಿಯಲ್ಲಿ ಅವಳು ಅವನನ್ನು ತಡೆದಳು. ತನಗೆ ಗೊತ್ತಿದ್ದದ್ದನ್ನು ಮಾತ್ರ ಹೇಳಿದೆ ಎಂದಳು. ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ನೋಡುತ್ತ ನಿಂತಿದ್ದ.

“ನಿಮಗೆ ನಾನೂ ಗೊತ್ತಿದ್ದೆ ಮೇಡಂ,” ಎಂದ. “ಅದನ್ನ ಯಾಕೆ ಹೇಳ್ಲಿಲ್ಲ?”

ಮತ್ತೆ ‘ನೀವು’... ಮತ್ತೆ ‘ಮೇಡಂ’... ಮಗೊಂಬೊ ನೂರು ಬೈಗುಳ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಅವಳು ಕಂಪ್ಯೂಟರಿನ ಮುಂದಿದ್ದಳು.

ಅವನ ಬಗ್ಗೆ ಎಲ್ಲರೂ ಪ್ರಶ್ನೆ ಕೇಳಿದರು. ನನ್ನ ನಕ್ಷೆಯನ್ನು ಯಾರಾದರೂ ಕೇಳಿದರಾ? ನಾನಾದರೂ ಕೇಳಿದೆನಾ?

ಆ ನಕ್ಷೆಯಲ್ಲಿ ಶಾಲೆಗಳದ್ದು, ಬಾವಿಗಳದ್ದು, ಲಸಿಕೆಯದ್ದು ಎಂದು ಒಂದರ ಮೇಲೊಂದು ಹತ್ತಾರು ಪದರಗಳಿದ್ದವು. ಒಂದೊಂದಕ್ಕೂ ಒಂದೊಂದು ಕೋಷ್ಟಕ ಅಂಟಿಕೊಂಡಿತ್ತು. ಅಂಟಿಸಿದವನು ಬಿಟ್ಟುಹೋದವನು. ಏನನ್ನು ಯಾವುದಕ್ಕೆ, ಯಾವ ಆಧಾರದ ಮೇಲೆ ಅಂಟಿಸಿದ್ದನೆಂದು ಅವಳು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಕೈಯಲ್ಲೇ ಬಿಚ್ಚುತ್ತ ಕೂತರೆ ದಿನಗಟ್ಟಲೆ ಬೇಕು. ಚಿಲೊಂಬೆಗೆ ಅಷ್ಟು ದಿನಗಳಿರಲಿಲ್ಲ.

ಅವಳು ಸ್ಕ್ರಿಪ್ಟ್ ಬರೆಯಲು ಕೂತಳು. ಕಂಪ್ಯೂಟರಿಗೆ ಕೊಡುವ ಸರಳ ಆಜ್ಞೆಗಳು, ಅಷ್ಟೇ. ಒಂದೊಂದೇ ಪದರದ ಹತ್ತಿರ ಹೋಗು. ನಿನಗೆ ಜೋಡಿಸಿದ ಕೋಷ್ಟಕ ಯಾವುದು ಎಂದು ಕೇಳು. ಯಾವ ಕಾಲಮ್ಮಿನ ಆಧಾರದ ಮೇಲೆ ಜೋಡಿಸಿದ್ದಾರೆ, ಕೇಳು. ಯಾವ ಊರಿಗೆ ಸಾಲೇ ಸಿಕ್ಕಿಲ್ಲ? ಯಾವ ಸಾಲು ಒಂದಕ್ಕಿಂತ ಹೆಚ್ಚು ಊರಿಗೆ ಅಂಟಿದೆ? ಎಲ್ಲವನ್ನೂ ಬರೆದು ತೋರಿಸು.

ಮೊದಲ ಸಲ ಎಲ್ಲೋ ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಸ್ಕ್ರಿಪ್ಟ್ ನಿಂತಿತು. ತಿದ್ದಿದಳು. ಮತ್ತೆ ಓಡಿಸಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಶಾಲೆಗಳು, ಸರಿ. ಬಾವಿಗಳು, ಸರಿ. ಲಸಿಕೆ...

ಅವಳು ಪರದೆಯತ್ತ ಬಗ್ಗಿದಳು.

ಊರುಗಳಿಗೆ ಸರ್ಕಾರ ಕೊಟ್ಟ ಸಂಖ್ಯೆ ಇತ್ತು. ಲಸಿಕೆಯ ಕೋಷ್ಟಕವನ್ನು ಜೋಡಿಸಿದ್ದು ಆ ಸಂಖ್ಯೆಯಿಂದಲ್ಲ, ಊರಿನ ಹೆಸರಿನಿಂದ. ಅದರ ಕೆಳಗೆ, ಒಂದೇ ಸಾಲು ಎರಡು ಊರಿಗೆ ಅಂಟಿದ ಕಡೆ, ಒಂದು ಹೆಸರಿತ್ತು. ಚಿಲೊಂಬೆ.

ನಕ್ಷೆಯಲ್ಲಿ ಹುಡುಕಿದಳು. ಗುಡ್ಡದ ರಸ್ತೆಯ ಪಕ್ಕ ಒಂದು ಚಿಲೊಂಬೆ. ನದಿಯಾಚೆ, ಮರಳದಿಣ್ಣೆಯ ಮೇಲೆ ಇನ್ನೊಂದು. ಲುಂಬಾನಿ ಕಳಿಸಿದ ಸಾಲಿನಲ್ಲಿದ್ದ ಸಂಖ್ಯೆ ಗುಡ್ಡದ ಊರಿನದು. ಅವನು ಅಲ್ಲಿಗೆ ಹೋಗಿದ್ದ, ಕೈಯಾರೆ ಕುಡಿಸಿದ್ದ, ಹಾಗೆಯೇ ಬರೆದಿದ್ದ. ಆ ಒಂದು ಸಾಲು ಎರಡೂ ಊರುಗಳನ್ನು ಹಸಿರು ಮಾಡಿತ್ತು. ನದಿಯಾಚೆಯ ಊರಿಗೆ ಯಾರೂ ಹೋಗಿರಲಿಲ್ಲ. ಹೋಗುವುದು ಬೇಡವೆಂದು ಹೇಳಿದ್ದು ಅವಳ ನಕ್ಷೆ.

ಆ ಇಬ್ಬರು ತಾಯಂದಿರು... ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಮಗೊಂಬೊ ಕಚೇರಿಗೆ ಬಂದ ಕೂಡಲೇ ಅವನಿಗೆ ಎಲ್ಲವನ್ನೂ ತೋರಿಸಿದಳು. ಅವನು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಮಾತಾಡಿದ. ಇನ್ನೇನು ಜಿಲ್ಲಾಧಿಕಾರಿ ಸಭೆಗೆ ಬರುತ್ತಾರೆ. ನಕ್ಷೆ ತಪ್ಪಿತ್ತೆಂದರೆ ನಾಳೆಯಿಂದ ನಮ್ಮನ್ನು ಯಾರು ನಂಬುತ್ತಾರೆ? ಸದ್ದಿಲ್ಲದೆ ಸರಿಪಡಿಸು, ಬೇರೆ ತಂಡವನ್ನು ಕಳಿಸೋಣ. ಆ ಹುಡುಗ ಇನ್ನೂ ಚಿಕ್ಕವನು, ಬೇರೆ ಕೆಲಸ ಸಿಗುತ್ತದೆ... ನಿನ್ನ ಕೆಲಸದ ಬಗ್ಗೆಯೂ ಸ್ವಲ್ಪ ಯೋಚಿಸು.

ಅಟುಪೆಲೆ ಎದ್ದಳು. ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಸಭೆಯ ಕೋಣೆಗೆ ನಡೆದಳು.

ಜಿಲ್ಲಾಧಿಕಾರಿ ಕೂತಿದ್ದರು. ಅವಳು ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿದಳು. ನಕ್ಷೆಯನ್ನು ಗೋಡೆಗೆ ಬಿಟ್ಟು, ಎಲ್ಲರೂ ನೋಡುವಂತೆ ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದಳು. ಗುಡ್ಡದ ಚಿಲೊಂಬೆಯನ್ನೂ ನದಿಯಾಚೆಯ ಚಿಲೊಂಬೆಯನ್ನೂ ತೋರಿಸಿದಳು. ಜೋಡಣೆಯನ್ನು ಸಂಖ್ಯೆಗೆ ಬದಲಿಸಿದ ಕೂಡಲೇ ನದಿಯಾಚೆಯ ಚುಕ್ಕೆ ಹಸಿರು ಕಳೆದುಕೊಂಡು ಕೆಂಪಾಯಿತು.

“ಲುಂಬಾನಿ ಸುಳ್ಳು ಹೇಳಿಲ್ಲ. ನಕ್ಷೆ ತಪ್ಪಿತ್ತು. ಜೋಡಿಸಿದ್ದು ನಾನಲ್ಲ. ಆದ್ರೆ ನೋಡದೇನೇ ಅದು ಸರಿ ಅಂದಿದ್ದು ನಾನು,” ಎಂದಳು. “ಶಿಕ್ಷೆ ಆಮೇಲೆ ಕೊಡಿ. ಮೊದಲು ಆ ಪೆಟ್ಟಿಗೆಗಳ ಬೀಗ ತೆಗೆಸಿ.”

ಜಿಲ್ಲಾಧಿಕಾರಿ ಮಗೊಂಬೊನತ್ತ ಕೈ ಚಾಚಿದರು. ಮಗೊಂಬೊ ಬೀಗದಕೈ ಕೊಟ್ಟ.

ಲುಂಬಾನಿ ಬಸ್ ನಿಲ್ದಾಣದಲ್ಲಿದ್ದ. ಬ್ಲಾಂಟೈರ್‌ಗೆ ಹೋಗುವ ಮಿನಿಬಸ್ಸಿನ ಕಿಟಕಿ ಪಕ್ಕ, ತೊಡೆಯ ಮೇಲೆ ಚೀಲ. ಕಂಡಕ್ಟರ್ ಕೊನೆಯ ಸೀಟಿಗೆ ಜನರನ್ನು ಕೂಗುತ್ತಿದ್ದ. ಅಟುಪೆಲೆ ಓಡಿಬಂದು ಕಿಟಕಿ ಹಿಡಿದು ನಿಂತಳು. ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು.

ಅವನು ಪೂರ್ತಿ ಕೇಳಿಸಿಕೊಂಡ.

“ಈಗ ನಂಬಿದ್ದು ನನ್ನನ್ನಲ್ಲ. ಕಂಪ್ಯೂಟರ್ ಹೇಳ್ತು, ಅದಕ್ಕೆ ನಂಬಿದ್ರಿ. ಅಲ್ವಾ?”

ಅವಳಿಗೆ ಅಳು ಒತ್ತಿಬಂತು. ಸುಳ್ಳು ಹೇಳಬಹುದಿತ್ತು...

“ನಿನ್ನೆ ಹೆದರಿದೆ. ಇವತ್ತು ಬೆಳಿಗ್ಗೆ ಅದನ್ನ ಕೇಳೋಕೆ ಕೂತಿದ್ದು ನೀನು ಸುಳ್ಳು ಹೇಳೋನಲ್ಲ ಅನ್ನೋ ಕಾರಣಕ್ಕೇ. ನೀನು ನಂಬ್ಲೇಬೇಕು ಅಂತ ಹೇಳ್ತಿಲ್ಲ. ಪೆಟ್ಟಿಗೆ ದೋಣಿಗೆ ಹೋಗಿದೆ. ನಿನ್ನ ತಂಡದವ್ರು ನೀನಿಲ್ದೆ ಹೋಗಲ್ಲ ಅಂತ ಕೂತಿದ್ದಾರೆ. ಆ ಊರಿಗೆ ಬಾ. ನನ್ನ ಹತ್ರ ಬರೋದು ಬೇಡ.”

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಲುಂಬಾನಿ ಒಂದು ಕ್ಷಣ ಕಣ್ಣು ಮುಚ್ಚಿದ. ನಂತರ ಚೀಲ ಹೆಗಲಿಗೇರಿಸಿ, ಜನರ ಮೊಣಕಾಲು ದಾಟುತ್ತ ಕೆಳಗಿಳಿದ.

ದೋಣಿಯಲ್ಲಿ ಅವನು ಅವಳೊಂದಿಗೆ ಮಾತಾಡಲಿಲ್ಲ.

ನದಿಯಾಚೆಯ ಊರಿನಲ್ಲಿ ಮುಖ್ಯಸ್ಥೆ ಎದುರುಬಂದಳು. ಸತ್ತವರಲ್ಲಿ ಒಬ್ಬಳು ಅವಳ ಸೊಸೆ. ಅಟುಪೆಲೆ ಮರಳಿನ ಮೇಲೆ ಮೊಣಕಾಲೂರಿ, ನಮ್ಮ ನಕ್ಷೆಯ ತಪ್ಪಿನಿಂದ ಯಾರೂ ಬರಲಿಲ್ಲ, ನಾನು ಅದನ್ನು ನೋಡಲಿಲ್ಲ ಎಂದು ಹೇಳಿದಳು. ಮುದುಕಿ ಬಗ್ಗಿ ಅವಳ ತೋಳು ಹಿಡಿದಳು.

“ಎದ್ದೇಳು ಮಗಳೇ. ಅತ್ರೆ ಅವಳು ಬರಲ್ಲ. ಉಳಿದವರು ಸಾಲಾಗಿ ನಿಂತಿದ್ದಾರೆ, ಅವರಿಗೆ ಕುಡಿಸು.”

ಆ ವಾರವೆಲ್ಲ ಅವರು ಅಲ್ಲೇ ಉಳಿದರು. ಲುಂಬಾನಿ ಲಸಿಕೆ ಹಾಕಿದ. ಅಟುಪೆಲೆ ನೀರು ಕಾಯಿಸಿದಳು, ಉಪ್ಪುಸಕ್ಕರೆ ಕಲಸಿದಳು, ಕಾಯಿಲೆಯವರ ಬಟ್ಟೆ ಒಗೆದಳು. ದಿನ ಕಳೆದಂತೆ ರೋಗಿಗಳಿಗೆಂದು ಹಾಕಿದ್ದ ಡೇರೆಯ ಹಾಸಿಗೆಗಳು ಖಾಲಿಯಾಗುತ್ತ ಬಂದವು. ಒಂದು ಮಧ್ಯಾಹ್ನ ಅವನು ನ್ಸಿಮಾ ಮುದ್ದೆಯ ತಟ್ಟೆ ಹಿಡಿದು ಬಂದು ಅವಳ ಪಕ್ಕದಲ್ಲಿ ಕೂತ. ಇಬ್ಬರ ನಡುವೆ ತಟ್ಟೆ ಇಟ್ಟ. ಮಾತಿಲ್ಲದೆ ಉಂಡರು. ಮರುದಿನವೂ ಬಂದ.

ಕೊನೆಯ ರೋಗಿ ಎದ್ದು ಮನೆಗೆ ನಡೆದುಹೋದ ಸಂಜೆ ಅವರು ನೀರಿನ ಅಂಚಿನಲ್ಲಿ ಕೂತಿದ್ದರು.

“ರುಂಫಿಗೆ ಫೋನ್ ಮಾಡಿದ್ದೆ,” ಎಂದ ಲುಂಬಾನಿ, ನೀರನ್ನೇ ನೋಡುತ್ತ. “ನಮ್ಮ ಸೋದರಮಾವ ಮಚಿಂಗಾಕ್ಕೆ ಬರ್ತಾರಂತೆ. ನಿಮ್ಮ ಸೋದರಮಾವನ ಹತ್ರ ಮಾತಾಡೋಕೆ.”

ಸೋದರಮಾವಂದಿರು ಕೂತು ಮಾತಾಡುವುದೆಂದರೆ ಮದುವೆಯ ಮಾತು ಎಂದು ಅವಳಿಗೆ ಗೊತ್ತಿತ್ತು.

“ನಾನು ಅವತ್ತು ನಿನ್ನ ಪರವಾಗಿ ನಿಲ್ಲಲಿಲ್ಲ,” ಎಂದಳು.

“ಇಲ್ಲ. ಅದು ನೋವಾಯ್ತು. ಇನ್ನೂ ಸ್ವಲ್ಪ ಇದೆ.” ಅವನು ಅವಳ ಕೈ ತೆಗೆದುಕೊಂಡ. “ಅದಿದ್ರೂ ನೀನೇ ಬೇಕು ಅನ್ಸುತ್ತೆ. ಏನ್ಮಾಡ್ಲಿ?”

ಅವಳ ಕಣ್ಣು ತುಂಬಿತು.

“ನಮ್ಮ ಮಾವ ತುಂಬ ಪ್ರಶ್ನೆ ಕೇಳ್ತಾರೆ.”

“ಕೇಳ್ಲಿ. ನಾನೂ ಜೊತೆಗೆ ಬರ್ತೀನಿ.”

“ಗಂಡಿಗೆ ಒಳಗೆ ಕೂರೋ ಹಾಗಿಲ್ಲ. ಮಾವಂದಿರೇ ಮಾತಾಡ್ಬೇಕು.”

“ಹೊರಗೆ ಕೂತಿರ್ತೀನಿ.”

“ಆ ಬಿಸಿಲಲ್ಲಾ? ಸಂಜೆವರೆಗೂ ಮಾತಾಡ್ತಾರೆ ಅವರು.”

“ನೀನು ಬಂದು ಪಕ್ಕದಲ್ಲಿ ಕೂತ್ಕೋ,” ಎಂದ ಲುಂಬಾನಿ. “ಅವ್ರು ನಾಳೆವರೆಗೂ ಮಾತಾಡ್ಕೊಳ್ಲಿ.”