ಹೆಣ ತೊಳೆದ ನೀರಿನ ಚಿತ್ರ

"ಆ ಬೋಗುಣಿ ಮುಟ್ಬೇಡ ತಮ್ಮಾ," ಅಂದ್ಲು ಗುಸ್ಟೆಮ್ಮ. "ಎಮಿಲ್‌ನ ತೊಳೆದ ನೀರು ಅದು. ಹೆಣ ಹೊಸ್ತಿಲು ದಾಟಿದ ಮೇಲೆ ಅದರ ಹಿಂದೇನೇ ಚೆಲ್ಬೇಕು. ಅಲ್ಲೀವರೆಗೂ ಜೀವ ಇರೋರ ಕೆಲಸಕ್ಕೆ ತಗೋಬಾರದು."

ಚಿತ್ರ ಬರೆಯೋ ಲೋಥಾರ್ ನಕ್ಕ. ಡ್ರೆಸ್ಡೆನ್ನಿಂದ ಬಂದು ಮೂರು ವಾರ ಆಗಿತ್ತಷ್ಟೆ, ಆಡ್ತಿದ್ದಿದ್ದು ಮಾತ್ರ ಬರ್ಲಿನ್ನನ್ನೇ ಹೆತ್ತವನ ಹಾಗೆ. ಹೆಣಕ್ಕೆ ಸೋಪು ಹಾಕಿದ್ರಾ ಹೇಗೆ, ಸೋಪಿದ್ರೆ ಬಣ್ಣ ಕೆಡುತ್ತೆ ಅಂತ ಕೇಳಿದ. ಗುಸ್ಟೆಮ್ಮ ಬೋಗುಣಿ ಮೇಲೆ ಬಟ್ಟೆ ಮುಚ್ಚಿದ್ಲು. ನಮ್ಮ ಬೀದೀಲಿ ಸತ್ತವರಲ್ಲಿ ಅರ್ಧ ಜನಾನ ತೊಳೆದವಳು ಅವಳು. ಮಿಕ್ಕ ಮುದುಕರು ಅವಳ ಕೈಗೆ ಹೆದರಿಯೇ ಸಾಯದೆ ಕೂತಿದ್ರು.

ಆ ಚಳಿ ಏನು ಹೇಳ್ಲಿ. ಆಡಿದ ಮಾತು ಹೆಪ್ಪುಗಟ್ಟಿ ಮೆಟ್ಟಿಲ ಮೇಲೆ ಬಿದ್ದು ಒಡೀತಿತ್ತು. ಯುದ್ಧ ಮುಗಿದು ಆರನೇ ಚಳಿಗಾಲ, ಯಾರಿಗೂ ಅಳೋಕೂ ತ್ರಾಣ ಇರಲಿಲ್ಲ. ಮಹಡಿಗೊಂದು ನಲ್ಲಿ, ನಲ್ಲಿಯೆಲ್ಲ ಕಲ್ಲು. ಮೂರನೇ ಮಹಡಿಯ ಕುಂಟ ಸಿಪಾಯಿ ಎಮಿಲ್ ಸತ್ತು ಎರಡು ದಿನ ಆಗಿತ್ತು, ಗುಂಡಿ ತೋಡೋಕೆ ನೆಲ ಬಿಡ್ತಿರಲಿಲ್ಲ, ಹೆಣ ಒಳಗೇ ಇತ್ತು. ಮೆಟ್ಟಿಲ ತುಂಬ ಎಲೆಕೋಸು ಬೆಂದ ವಾಸನೆ, ಒದ್ದೆ ಉಣ್ಣೆ ವಾಸನೆ, ಅದರ ಕೆಳಗೆ ಇನ್ನೊಂದು ಸಿಹಿ ವಾಸನೆ. ಇಡೀ ಮನೇಲಿ ಹೆಪ್ಪುಗಟ್ಟದೆ ಇದ್ದಿದ್ದು ಆ ಬೋಗುಣಿ ನೀರು ಒಂದೇ.

ಬಣ್ಣ ಕಲಸೋಕೆ ನೀರು ಬೇಕು, ಹಿಮ ಕರಗಿಸ್ಬೇಕಂದ್ರೆ ಕಲ್ಲಿದ್ದಲು ಬೇಕು. ಇದ್ದ ನಾಲ್ಕು ತುಂಡು, ಅಂಗಿ ಹೊಲಿಯೋ ಹೆಂಡತಿ ಎರ್ನಾಳ ಬೆರಳು ಬೆಚ್ಚಗಿಡೋಕೆ. ಗುಸ್ಟೆಮ್ಮ ಅತ್ತ ತಿರುಗಿದ್ದೇ ತಡ, ಲೋಥಾರ್ ಒಂದು ಲೋಟ ಮೊಗೆದು ಒಳಗೆ ಹೋದ.

ಅವನ ಕೈ ಅಂದ್ರೆ ಹಾಗಿತ್ತು ನೋಡಿ, ಕುಂಚದಲ್ಲಿ ನಾಲ್ಕು ಗೀಟು ಎಳೆದ್ರೆ ಮಂತ್ರಿಯ ಚಡ್ಡಿ ಉದುರಬೇಕು. ಅವತ್ತು ಬರೆದಿದ್ದು ನಮ್ಮ ಮೂಲೆಯ ಕಾಫಿ ಅಂಗಡಿ. ಯುದ್ಧದಲ್ಲಿ ಹಳಸಿದ ಮಾಂಸ ಮಾರಿ ಕೊಬ್ಬಿದ ಕಸಾಯಿ ಬುಲ್ಕೆ, ಕತ್ತಿನ ಮೂರು ಮಡಿಕೆಗೂ ಒಂದೊಂದು ಗುಲಾಬಿ ಬಣ್ಣ. ಪಕ್ಕದಲ್ಲಿ ಒಂಟಿ ಕನ್ನಡಕದ ಕರ್ನಲ್ಲು, ಮೂಗಿಗೆ ಬೀಟ್ರೂಟು ಕೆಂಪು. ಅಂಚಿನಲ್ಲಿ ಬೆಂಕಿಪೊಟ್ಟಣ ಮಾರೋ ಹೆಂಗಸು, ಅವಳಿಗೆ ಎರ್ನಾಳ ಮುಖ. ಅಷ್ಟೊಂದು ಹಂದಿ ಮಧ್ಯ ಒಂದಾದ್ರೂ ಮನುಷ್ಯರ ಮುಖ ಬೇಡ್ವಾ ಅಂದನಂತೆ. ಎರ್ನಾ ನಾಚಿ ಸೂಜಿ ಚುಚ್ಚಿಕೊಂಡ್ಲು.

ಮಾರನೇ ದಿನ ಬುಲ್ಕೆ ತನ್ನ ಅಂಗಡೀಲೇ ಬಿದ್ದು ಸತ್ತ. ತೊಳೆದಿಟ್ಟ ಹಾಗೆ ಬೂದು ಮೈ. ಅದರ ಮಾರನೇ ದಿನ ಕರ್ನಲ್ಲು, ಟ್ರಾಮಿನಲ್ಲಿ ಕೂತಲ್ಲೇ. ಕೊನೇ ನಿಲ್ದಾಣ ಬರೋವರೆಗೂ ಯಾರಿಗೂ ಗೊತ್ತಾಗ್ಲಿಲ್ಲ, ಬದುಕಿದ್ದಾಗಲೂ ಹಾಗೇ ಕೂರ್ತಿದ್ದ. ಲೋಥಾರ್ ಮೆಟ್ಟಿಲಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ, ಕ್ರಾಂತಿ ಕೈಲಾಗದ್ದು ನನ್ನ ಕುಂಚದ ಕೈಲಾಯ್ತು ಅಂದ. ಯಾರೂ ನಗಲಿಲ್ಲ.

ಮೂರನೇ ದಿನ ಮಟಮಟ ಮಧ್ಯಾಹ್ನ ಎರ್ನಾಳ ಕೈಯಿಂದ ಸೂಜಿ ಜಾರಿತು.

"ಲೋಥಾರ್, ನನ್ನ ಬೆರಳು ಎಲ್ಲಿ ಹೋಯ್ತು? ಇದಾವೆ, ಆದ್ರೆ ನನ್ನವಲ್ಲ," ಅಂದ್ಲು.

ಮುಟ್ಟಿ ನೋಡಿದ. ಮಂಜುಗಡ್ಡೆ. ಅವಳ ಕೂದಲಿಂದ ಆ ಸಿಹಿ ವಾಸನೆ. ತಿರುಗಿ ಚಿತ್ರ ನೋಡಿದ. ಬುಲ್ಕೆಯ ಗುಲಾಬಿ ಬಣ್ಣ ಇರಲಿಲ್ಲ. ಕರ್ನಲ್ಲಿನ ಮೂಗು ಬೂದಿ. ಮೂರು ದಿನದ ಹಿಂದೆ ಒಣಗಿದ ಕಾಗದ, ಬೆರಳಿಟ್ರೆ ಒದ್ದೆ. ಅಂಚಿನ ಹೆಂಗಸಿನ ಕೆನ್ನೆ ಕೆಂಪು ಅವನ ಕಣ್ಣೆದುರಿಗೇ ಇಂಗ್ತಿತ್ತು.

ಓಡಿದ. ಗುಸ್ಟೆಮ್ಮ ಆಲೂಗಡ್ಡೆ ಹೆರೀತಾ ಕೂತಿದ್ಲು, ತಲೆ ಎತ್ತಲಿಲ್ಲ. ಬೈಯೋಕೂ ಅವಳಿಗೆ ಸಾಕಾಗಿತ್ತು.

"ಆ ನೀರು ಒಂದು ಮೈಯಿಂದ ಇಳೀಬೇಕಂದ್ರೆ ಇನ್ನೊಂದು ಮೈ ಕೇಳುತ್ತೆ," ಅಂದ್ಲು. "ಯಾವ ಮೈ ಅಂತ ನಾನು ಹೇಳಲ್ಲ ಮಗಾ."

ಅದೇ ಉಸಿರಲ್ಲಿ ವಾಪಸ್ ಬಂದ. ಅಂಗಳದ ಹಿಮ ಹಿಡಿದು ಅಂಗೈಯಲ್ಲಿ ಕರಗಿಸಿದ. ಚಿತ್ರದ ಹೆಂಗಸಿನ ಮುಖಾನ ಬಟ್ಟೆಯಿಂದ ಉಜ್ಜಿದ. ಬಣ್ಣ ಕದಲಲಿಲ್ಲ. ಎರ್ನಾ ಕುರ್ಚಿಯಿಂದ ಜಾರಿದ್ಲು. ತುಟಿ ಬೂದು. ಕಣ್ಣು ತೆರೆದೇ ಇತ್ತು. ಒಂದು ಉಸಿರು. ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು.

ಚಿತ್ರ ಮುಖದ ಹತ್ತಿರ ತಂದ. ನೆಕ್ಕಿದ. ಬಣ್ಣ ಬಂತು. ಕಹಿ. ಮತ್ತೆ ನೆಕ್ಕಿದ. ಹಣೆ ಹೋಯ್ತು. ಕಣ್ಣು ಹೋಯ್ತು. ಹಲ್ಲು ಜುಮ್ಮೆಂದಿತು. ನಾಲಿಗೆ ಮರಗಟ್ಟಿತು. ನಿಲ್ಲಿಸಲಿಲ್ಲ. ಕೆನ್ನೆ. ತುಟಿ. ಗದ್ದ. ನುಂಗಿದ. ಹಿಂದೆ ಎರ್ನಾ ಕೆಮ್ಮಿದ್ಲು. ಉಸಿರು ಎಳೆದ್ಲು. ಅವನ ಹೆಸರು ಕೂಗಿದ್ಲು.

ಅವನು ತಿರುಗಲಿಲ್ಲ.

ಲೋಥಾರ್‌ನ ತೊಳೆದು ಮುಗಿಸಿ, ಚಿತ್ರ ಸುಟ್ಟುಬಿಡು ಅಂದ್ಲು ಗುಸ್ಟೆಮ್ಮ. ಅವನ ಕೊನೇ ಕೆಲಸ, ಸುಡಲ್ಲ ಅಂದ್ಲು ಎರ್ನಾ. ವಸಂತದಲ್ಲಿ ದೊಡ್ಡವರು ಬರೋ ಚಿತ್ರ ಪ್ರದರ್ಶನದಲ್ಲಿ ಅದನ್ನ ತೂಗುಹಾಕಿದ್ರು. ತುಪ್ಪಟದ ಕೋಟಿನವರು ಸಾಲಾಗಿ ಬಂದು ಬುಲ್ಕೆಯ ಕತ್ತು ನೋಡಿ ನಕ್ಕರು. ಒಬ್ಬ ಅಂಚಿನ ಖಾಲಿ ಜಾಗಕ್ಕೆ ಬೆರಳು ತೋರಿಸಿ, ಬಡವರ ಮುಖ ಬಿಳಿ ಬಿಟ್ಟಿದ್ದಾನೆ, ಇಡೀ ಚಿತ್ರದ ಜಾಣತನ ಇಲ್ಲೇ ಇರೋದು ಅಂತ ಹೆಂಡತಿಗೆ ವಿವರಿಸ್ತಿದ್ದ. ಸೂತಕದ ಕಪ್ಪು ಬಟ್ಟೆ ತೊಟ್ಟ ಎರ್ನಾ ಅಡ್ಡ ನಿಂತಿದ್ಲು.

"ಸ್ವಲ್ಪ ಪಕ್ಕಕ್ಕೆ ಹೋಗಮ್ಮಾ," ಅಂದ ಅವನು. "ಕಾಣಿಸ್ತಿಲ್ಲ."

ಎರ್ನಾ ಸರಿದು ನಿಂತ್ಲು. ಕೆನ್ನೆ ಕೆಂಪಗೇ ಇತ್ತು.